ಕೈ ತಪ್ಪೋ, ಗಿಟಾರಿನ ತಪ್ಪೋ? ಒಬ್ಬನೇ ಕಲಿಯುವವನ ಪ್ರಶ್ನೆಗಳು

ಒಂಟಿಪಿಕ್:

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಿಕ್ ಗಿಟಾರನ್ನು ನಾನು ಒಬ್ಬನೇ ಕಲಿತವನು. ಮೇಷ್ಟ್ರು ಅಂತ ಯಾರೂ ಇಲ್ಲ. ವಿಡಿಯೋ ನೋಡಿ, ಹಾಡನ್ನು ನಿಲ್ಲಿಸಿ ನಿಲ್ಲಿಸಿ ಕೇಳಿ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಬಂದಿದ್ದೇನೆ. ಪವರ್ ಕಾರ್ಡ್, ಪೆಂಟಟಾನಿಕ್, ಒಂದಷ್ಟು ಬ್ಲೂಸ್ ಲಿಕ್ಕುಗಳು ಬರುತ್ತವೆ. ಯಾರ ಮುಂದಾದರೂ ನುಡಿಸಿದರೆ ಪರವಾಗಿಲ್ಲ ಅನ್ನುತ್ತಾರೆ. ಆದರೆ ಕೆಲವು ಕಡೆ ಏನೋ ಸರಿಯಿಲ್ಲ ಅನ್ನುವುದು ನನ್ನ ಕಿವಿಗೆ ಗೊತ್ತಾಗುತ್ತದೆ.

ಸರಿಯಿಲ್ಲದ್ದು ಕೈಯೋ ಗಿಟಾರೋ ಅನ್ನುವುದೇ ತಿಳಿಯುತ್ತಿಲ್ಲ. ಕೇಳಿದವರಲ್ಲಿ ಅರ್ಧ ಜನ "ಗಿಟಾರ್ ಬದಲಾಯಿಸು" ಅನ್ನುತ್ತಾರೆ. ಉಳಿದವರು "ಟೋನ್ ಎಲ್ಲಾ ಬೆರಳಲ್ಲಿದೆ, ಸುಮ್ನೆ ಪ್ರಾಕ್ಟೀಸ್ ಮಾಡು" ಅನ್ನುತ್ತಾರೆ. ಎರಡನ್ನೂ ಕೇಳಿ ಕೇಳಿ ಸಾಕಾಗಿದೆ.

ನನ್ನ ಹತ್ತಿರ ಇರುವುದು ಸ್ಟ್ರಾಟ್ ಮಾದರಿಯ ಗಿಟಾರ್. ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಸುರುಳಿ), ಟ್ರೆಮೊಲೊ ಬ್ರಿಡ್ಜ್ (ಬಾರ್ ಒತ್ತಿದರೆ ವಾಲಿ ಸ್ವರ ಇಳಿಸುವಂಥದ್ದು), 9-42 ತಂತಿ (ಇಂಚಿನ ಸಾವಿರದಲ್ಲಿ 9ರಿಂದ 42 ಭಾಗ ದಪ್ಪದ ಸೆಟ್). ಆಂಪ್ ಇಲ್ಲ. ರಾತ್ರಿ ಹೊತ್ತು ನುಡಿಸುವುದರಿಂದ ಆಡಿಯೋ ಇಂಟರ್‌ಫೇಸ್, ಲ್ಯಾಪ್‌ಟಾಪಿನಲ್ಲಿ ಆಂಪ್ ಸಾಫ್ಟ್‌ವೇರ್, ಕಿವಿಗೆ ಹೆಡ್‌ಫೋನ್, ಅಷ್ಟೇ. ಸೌಂಡ್ ಜಾಸ್ತಿ ಬರಲಿ ಅಂತ ಪಿಕಪ್‌ಗಳನ್ನು ಸ್ವಲ್ಪ ಮೇಲೆತ್ತಿದ್ದೇನೆ.

ಮೊದಲನೇ ತಲೆನೋವು ಶ್ರುತಿಯದು. ಟ್ಯೂನರಿನಲ್ಲಿ ಆರೂ ತಂತಿ ಹಸಿರು ತೋರಿಸುತ್ತವೆ. ಆದರೂ ಇ ಮೇಜರ್ ಹಿಡಿದರೆ ಕಿವಿಗೆ ಚುಚ್ಚುತ್ತದೆ. ಜಿ ತಂತಿಯನ್ನು (ಸಣ್ಣದರಿಂದ ಮೂರನೆಯದು) ಸ್ವಲ್ಪ ಇಳಿಸಿದರೆ ಇ ಮೇಜರ್ ಸರಿಹೋಗುತ್ತದೆ, ಆಗ ಜಿ ಮೇಜರ್ ಕೆಡುತ್ತದೆ. ಇನ್ನು ಆ ತಂತಿಯಲ್ಲಿ ಒಂದು ದೊಡ್ಡ ಬೆಂಡ್ ಮಾಡಿದರೆ (ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಿದರೆ) ಶ್ರುತಿ ಕೆಳಗೆ ಬಂದು ಕೂರುತ್ತದೆ.

ಎರಡನೆಯದು ಪಿಕ್ (ತಂತಿ ಮೀಟುವ ಚಿಪ್ಪು). ಒಂದೇ ತಂತಿಯ ಮೇಲೆ ಎಷ್ಟು ವೇಗ ಬೇಕಾದರೂ ಹೊಡೆಯುತ್ತೇನೆ. ತಂತಿಗೆ ಮೂರು ಸ್ವರದ ಸ್ಕೇಲ್ ಶುರು ಮಾಡಿ ಮುಂದಿನ ತಂತಿಗೆ ದಾಟುವಾಗ ಪಿಕ್ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಮೆಟ್ರೊನೋಮ್ ಹಾಕಿ ನಿಧಾನಕ್ಕೆ ಮಾಡಿದರೆ ಸರಿಯಾಗಿರುತ್ತದೆ, ಒಂದು ವೇಗ ದಾಟಿದ ಮೇಲೆ ಮತ್ತದೇ ಕಥೆ.

ರೆಕಾರ್ಡ್ ಮಾಡಿದಾಗ ಯಾವಾಗಲೂ ಡ್ರಮ್ ಟ್ರ್ಯಾಕ್‌ಗಿಂತ ಹಿಂದೆ ಬಿದ್ದಿರುತ್ತೇನೆ. ನನಗೆ ತಾಳವೇ ಇಲ್ವಾ ಅನ್ನಿಸುವಷ್ಟು. ಗೇನ್ ಏರಿಸಿದರೆ ಹಮ್ಮ್ ಅನ್ನುವ ಸದ್ದು. ದಪ್ಪ ತಂತಿ ಮೇಲಿನ ಫ್ರೆಟ್‌ಗಳಲ್ಲಿ ಅಲೆಅಲೆಯಾಗಿ ಕೇಳುತ್ತದೆ, ಎರಡು ಸ್ವರ ಒಟ್ಟಿಗೆ ಬಂದಂತೆ. ಮತ್ತೆ, ಬ್ಯಾರೆ (ಒಂದೇ ಬೆರಳಲ್ಲಿ ಎಲ್ಲಾ ತಂತಿ ಅಡ್ಡಲಾಗಿ ಒತ್ತುವ) ಕಾರ್ಡ್‌ಗಳು ಜಾಸ್ತಿ ಇರುವ ಹಾಡು ನುಡಿಸಿದ ದಿನ ಎಡ ಮಣಿಕಟ್ಟು ನೋಯುತ್ತದೆ.

ಇದರಲ್ಲಿ ಯಾವುದು ನನ್ನ ಕೈಯದು, ಯಾವುದು ಸಾಮಾನಿನದು ಅಂತ ಬೇರೆ ಮಾಡುವ ದಾರಿ ಇದ್ದರೆ ಹೇಳಿ. "ಹೊಸದು ತಗೋ" ಅನ್ನುವವರು ದಯವಿಟ್ಟು ಸುಮ್ಮನಿರಿ.

ಟ್ರಸ್‌ರಾಡ್:

ನಾನೂ ಮೇಷ್ಟ್ರಿಲ್ಲದೆ ಕಲಿತವನೇ. ಈಗ ಸ್ನೇಹಿತರ ಗಿಟಾರುಗಳಿಗೆ ಸೆಟಪ್ ಮಾಡಿಕೊಡುತ್ತೇನೆ. ಮೇಷ್ಟ್ರಿರುವವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಮೇಷ್ಟ್ರು ಶಿಷ್ಯನ ಗಿಟಾರ್ ಇಸ್ಕೊಂಡು ಒಂದು ನಿಮಿಷ ನುಡಿಸುತ್ತಾರೆ. ಅವರ ಕೈಯಲ್ಲೂ ಅದೇ ತೊಂದರೆ ಬಂದರೆ ಗಿಟಾರಿನದು, ಬರದಿದ್ದರೆ ಶಿಷ್ಯನದು. ನಿಮಗೆ ಆ ಇನ್ನೊಂದು ಕೈ ಇಲ್ಲ. ಅದರ ಬದಲಿಗೆ ಪರೀಕ್ಷೆ ಮಾಡಬೇಕು. ಕೈ ಹಾಗೇ ಇಟ್ಟು ಗಿಟಾರಿನಲ್ಲಿ ಒಂದೇ ಒಂದು ಸಂಗತಿ ಬದಲಾಯಿಸಿ, ಅಥವಾ ಗಿಟಾರ್ ಹಾಗೇ ಇಟ್ಟು ಕೈ ಬದಲಾಯಿಸಿ. ಎರಡನ್ನೂ ಒಟ್ಟಿಗೆ ಮುಟ್ಟಿದರೆ ಏನೂ ಗೊತ್ತಾಗುವುದಿಲ್ಲ. ಹೊಸ ಗಿಟಾರ್ ತಗೊಂಡವರಿಗೆ ಹಳೇ ತೊಂದರೆ ಏನಾಗಿತ್ತು ಅಂತ ಕೊನೆಗೂ ಗೊತ್ತಾಗದೆ ಇರುವುದು ಇದಕ್ಕೇ.

ಶ್ರುತಿಯಿಂದ ಶುರು ಮಾಡೋಣ, ಯಾಕೆಂದರೆ ನೀವು ಬರೆದ ಲಕ್ಷಣ ತುಂಬಾ ಸ್ಪಷ್ಟವಾಗಿದೆ. ಇ ಮೇಜರಿನಲ್ಲಿ ಜಿ ತಂತಿಯನ್ನು ಒಂದನೇ ಫ್ರೆಟ್‌ನಲ್ಲಿ ಒತ್ತುತ್ತೀರಿ. ಜಿ ಮೇಜರಿನಲ್ಲಿ ಅದೇ ತಂತಿ ಖಾಲಿ ಇರುತ್ತದೆ. ಅಂದರೆ ಖಾಲಿ ಇದ್ದಾಗ ಸರಿ, ಒಂದನೇ ಫ್ರೆಟ್ ಒತ್ತಿದಾಗ ಏರುತ್ತಿದೆ. ಇದಕ್ಕೆ ಎರಡು ಕಾರಣ ಇರಬಹುದು. ನಟ್‌ನ ಕಚ್ಚು (ಕತ್ತಿನ ತುದಿಯ ಸಣ್ಣ ಪಟ್ಟಿಯಲ್ಲಿ ತಂತಿ ಕೂರುವ ಸೀಳು) ಎತ್ತರ ಇದ್ದರೆ ತಂತಿಯನ್ನು ಫ್ರೆಟ್‌ಗೆ ಮುಟ್ಟಿಸಲು ಅದನ್ನು ಜಾಸ್ತಿ ಬಗ್ಗಿಸಬೇಕು. ಬಗ್ಗಿಸಿದಷ್ಟೂ ಬಿಗಿಯಾಗಿ ಸ್ವರ ಏರುತ್ತದೆ. ಇಲ್ಲವೇ ನಿಮ್ಮ ಬೆರಳು ಬೇಕಾದ್ದಕ್ಕಿಂತ ಗಟ್ಟಿಯಾಗಿ ಒತ್ತುತ್ತಿದೆ. 9ರ ತಂತಿ ಸಣ್ಣದು, ಫ್ರೆಟ್ ಎತ್ತರದ್ದಾದರೆ ಗಟ್ಟಿ ಕೈಗೆ ಸುಲಭವಾಗಿ ಏರಿಬಿಡುತ್ತದೆ.

ಬೇರೆ ಮಾಡುವುದು ಹೀಗೆ. ಟ್ಯೂನರ್ ನೋಡುತ್ತಾ ಒಂದನೇ ಫ್ರೆಟ್‌ನ ಹಿಂದೆಯೇ ಬೆರಳಿಟ್ಟು ತಂತಿ ಬಾರಿಸುತ್ತಾ ಇರಿ. ಮೊದಲು ಸತ್ತ ಸದ್ದು, ಆಮೇಲೆ ಝರಝರ, ಆಮೇಲೆ ಶುದ್ಧ ಸ್ವರ. ಶುದ್ಧ ಸ್ವರ ಬಂದ ಕ್ಷಣಕ್ಕೆ ಮುಳ್ಳು ಎಲ್ಲಿದೆ ನೋಡಿ. ಆಗಲೇ ಮೇಲಿದ್ದರೆ ನಟ್ ಎತ್ತರ. ಆಗ ಸರಿಯಿದ್ದು, ನೀವು ಎಂದಿನ ಹಾಗೆ ಹಿಸುಕಿದ ಮೇಲೆ ಏರಿದರೆ ಅದು ಕೈ. ಇನ್ನೊಂದು ಪರೀಕ್ಷೆಗೆ ಎರಡನೇ ಫ್ರೆಟ್‌ಗೆ ಕೇಪೊ (ಎಲ್ಲಾ ತಂತಿ ಒತ್ತಿಹಿಡಿಯುವ ಕ್ಲಿಪ್) ಹಾಕಿ, ಕೇಪೊ ಇದ್ದ ಹಾಗೇ ಮತ್ತೆ ಶ್ರುತಿ ಮಾಡಿ, ಅದೇ ಇ ಮೇಜರ್ ಆಕಾರ ಹಿಡಿಯಿರಿ. ಈಗ ಕೇಪೊನೇ ನಟ್‌ನ ಕೆಲಸ ಮಾಡುತ್ತಿದೆ, ಕೈ ಮಾತ್ರ ಮೊದಲಿನದೇ. ಚುಚ್ಚುವುದು ಹೋಯಿತಾ? ಹಾಗಾದರೆ ನಟ್.

ಪೂರ್ತಿ ಹೋಗುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದರ ಹಿಂದೆ ಬೀಳುತ್ತೀರಿ. ಆ ಸ್ವರ ಇ ಮೇಜರಿನ ಮೂರನೇ ಸ್ವರ. ಗಿಟಾರಿನ ಫ್ರೆಟ್‌ಗಳು ಸಪ್ತಕವನ್ನು 12 ಸಮಭಾಗ ಮಾಡಿ ಇಟ್ಟಿರುವಂಥವು. ಒಂದು ಭಾಗಕ್ಕೆ 100 ಸೆಂಟ್, ಅದರಲ್ಲಿ ಮೇಜರ್ ಥರ್ಡ್ (ಮೊದಲ ಸ್ವರದಿಂದ ಈ ಮೂರನೆಯದಕ್ಕಿರುವ ಅಂತರ) 400 ಸೆಂಟ್. ಕಿವಿಗೆ ಚುಚ್ಚದೆ ಕೂರುವ ಸಹಜ ಅಂತರ 386 ಸೆಂಟ್. ಹದಿನಾಲ್ಕು ಸೆಂಟ್ ಎಲ್ಲಾ ಗಿಟಾರಿನಲ್ಲೂ ಮೇಲೇ ಇರುತ್ತದೆ. ಡಿಸ್ಟಾರ್ಷನ್ ಹಾಕಿದಾಗ ಇದೇ ಅಂತರ ಗರಗರ ಅಂತ ಎದ್ದು ಕಾಣುತ್ತದೆ. ಪವರ್ ಕಾರ್ಡ್‌ನಲ್ಲಿ ಮೂರನೇ ಸ್ವರವೇ ಇಲ್ಲ, ಐದನೇ ಸ್ವರದ ವ್ಯತ್ಯಾಸ ಬರೀ 2 ಸೆಂಟ್. ಹಾಗಾಗಿ ಎಷ್ಟು ಗೇನ್ ಹಾಕಿದರೂ ಅದು ಗಟ್ಟಿಯಾಗಿ ನಿಲ್ಲುತ್ತದೆ. ಕಿವಿ ಚೆನ್ನಾಗಿದ್ದವರೇ ಇದರಿಂದ ಜಾಸ್ತಿ ನರಳುವುದು.

ಬೆಂಡ್ ಆದ ಮೇಲೆ ಶ್ರುತಿ ಇಳಿಯುವುದೂ ನಟ್ ಕಡೆಗೇ ಬೆರಳು ತೋರಿಸುತ್ತದೆ. ಬೆಂಡ್ ಮಾಡುವಾಗ ತಂತಿ ಗೂಟದ ಕಡೆಯಿಂದ ನಟ್ ದಾಟಿ ಸ್ವಲ್ಪ ಈಚೆ ಬರುತ್ತದೆ. ಕಚ್ಚು ಬಿಗಿಯಿದ್ದರೆ ಅದು ವಾಪಸ್ ಹೋಗದೆ ಅಲ್ಲೇ ನಿಲ್ಲುತ್ತದೆ, ಸ್ವರ ಇಳಿಯುತ್ತದೆ. ಟ್ರೆಮೊಲೊ ಬಾರ್ ಒತ್ತಿ ಬಿಟ್ಟ ಮೇಲೆ ಇದಕ್ಕೆ ತದ್ವಿರುದ್ಧವಾಗಿ ಸ್ವರ ಏರಿದ್ದರೆ ಅನುಮಾನವೇ ಬೇಡ. ಶ್ರುತಿ ಮಾಡುವಾಗ ಟಿಂಕ್ ಅಂತ ಸಣ್ಣ ಸದ್ದು ಬರುತ್ತದಾ ಕೇಳಿ. ಪೆನ್ಸಿಲಿನ ಸೀಸದ ಪುಡಿಯನ್ನು ಕಚ್ಚಿಗೆ ತುಂಬಿ ನೋಡಿ. ಅಷ್ಟಕ್ಕೇ ಅರ್ಧ ಸಮಸ್ಯೆ ಹೋಗುವುದುಂಟು. ಹೊಸ ತಂತಿ ಹಾಕಿದಾಗ ಕೈಯಿಂದ ಎಳೆದು ಎಳೆದು ಕೂರಿಸಿದ್ದೀರಿ ತಾನೆ? ಅದನ್ನು ಮಾಡದೆ ನಟ್‌ಗೆ ಬೈಯುವುದು ನ್ಯಾಯವಲ್ಲ.

ಇನ್ನು ಪಿಕ್. ಇದು ಪೂರ್ತಿ ಕೈಯದು, ಆದರೆ ನೀವು ಅಂದುಕೊಂಡ ರೀತಿಯದಲ್ಲ. ಪಿಕ್ ಓಡಾಡುವ ದಾರಿ ತಂತಿಗಳ ಸಾಲಿಗೆ ಸಾಮಾನ್ಯವಾಗಿ ಸ್ವಲ್ಪ ಓರೆಯಾಗಿರುತ್ತದೆ. ಕೆಲವರ ಪಿಕ್ ಮೇಲಕ್ಕೆ ಹೊಡೆದಾಗ ತಂತಿಗಳಿಂದ ಆಚೆ ಗಾಳಿಗೆ ಬರುತ್ತದೆ, ಕೆಳಕ್ಕೆ ಹೊಡೆದಾಗ ಎರಡು ತಂತಿಗಳ ನಡುವೆ ಇಳಿಯುತ್ತದೆ. ಕೆಲವರದು ತಿರುಗಾಮುರುಗಾ. ಗಾಳಿಯಲ್ಲಿದ್ದಾಗ ತಂತಿ ದಾಟುವುದು ಸುಲಭ. ನಡುವೆ ಇಳಿದಾಗ ದಾಟಬೇಕೆಂದರೆ ತಂತಿಯನ್ನು ಹತ್ತಿ ಇಳಿಯಬೇಕು. ನಿಧಾನಕ್ಕೆ ನುಡಿಸುವಾಗ ಹತ್ತಿ ಇಳಿಯಲು ಸಮಯ ಇರುತ್ತದೆ, ಅದಕ್ಕೇ ಗೊತ್ತಾಗುವುದಿಲ್ಲ. ವೇಗದಲ್ಲಿ ಆ ಸಮಯ ಇಲ್ಲ, ಸಿಕ್ಕಿಕೊಳ್ಳುತ್ತದೆ.

ನಿಮ್ಮದು ಯಾವ ಜಾತಿ ಅಂತ ತಿಳಿಯಲು, ತಂತಿಗೆ ನಾಲ್ಕು ಸ್ವರದಂತೆ ಡೌನ್ ಸ್ಟ್ರೋಕ್‌ನಿಂದ ಶುರು ಮಾಡಿ. ಪ್ರತಿ ತಂತಿಯೂ ಅಪ್ ಸ್ಟ್ರೋಕ್‌ಗೆ ಮುಗಿಯುತ್ತದೆ. ಆಮೇಲೆ ಅದನ್ನೇ ಅಪ್‌ನಿಂದ ಶುರು ಮಾಡಿ. ಒಂದು ಸಲೀಸಾಗಿ ಹೋಗಿ ಇನ್ನೊಂದು ತಡವರಿಸಿದರೆ ಉತ್ತರ ಸಿಕ್ಕಿತು. ಮೂರು ಸ್ವರದ ಸ್ಕೇಲಿನಲ್ಲಿ ಒಂದು ತಂತಿ ಡೌನ್‌ಗೆ ಮುಗಿದರೆ ಮುಂದಿನದು ಅಪ್‌ಗೆ ಮುಗಿಯುತ್ತದೆ. ಒಂದು ಬಿಟ್ಟು ಒಂದು ದಾಟುವ ಜಾಗದಲ್ಲಿ ಸಿಕ್ಕಿಕೊಳ್ಳುವುದು ಅದಕ್ಕೇ. ಪರಿಹಾರ ಮೂರು. ಸಿಕ್ಕಿಕೊಳ್ಳುವ ಕಡೆ ಒಂದು ಸ್ವರವನ್ನು ಪಿಕ್ ಮಾಡದೆ ಹ್ಯಾಮರ್-ಆನ್ ಮಾಡಿ (ಎಡಗೈ ಬೆರಳು ಬಡಿದು ಸ್ವರ ಬರಿಸಿ). ಅಥವಾ ಡೌನ್‌ಗೆ ಮುಗಿದಾಗ ಅದೇ ಡೌನ್‌ನಲ್ಲಿ ಮುಂದಿನ ಸಣ್ಣ ತಂತಿಗೂ ಜಾರಿಬಿಡಿ. ಅಥವಾ ಮಣಿಕಟ್ಟನ್ನು ಆಗ ಮಾತ್ರ ಸ್ವಲ್ಪ ಹೊರಳಿಸುವುದನ್ನು ಕಲಿಯಿರಿ, ಇದು ಕಷ್ಟದ ದಾರಿ. ಜಿಪ್ಸಿ ಜಾಝ್ ವಾದಕರು ತಂತಿ ಬದಲಾದಾಗ ಡೌನ್‌ನಿಂದಲೇ ಶುರು ಮಾಡುವ ಪದ್ಧತಿ ಇಟ್ಟುಕೊಂಡಿದ್ದಾರೆ, ಭಯಂಕರ ವೇಗದಲ್ಲಿ ನುಡಿಸುತ್ತಾರೆ. ಎಲ್ಲವನ್ನೂ ಅಪ್-ಡೌನ್ ಅಪ್-ಡೌನ್ ಅಂತಲೇ ನುಡಿಸಬೇಕು ಅನ್ನುವ ಕಾನೂನು ಯಾರೂ ಮಾಡಿಲ್ಲ. ವೆಸ್ ಮಾಂಟ್ಗೊಮರಿ ಪಿಕ್ಕೇ ಹಿಡಿಯದೆ ಹೆಬ್ಬೆರಳಲ್ಲಿ ನುಡಿಸಿದರು, ಅವರೂ ತಾವೇ ಕಲಿತವರು.

ಇಂಥ ಜಾಗದಲ್ಲಿ ಬರೀ ನಿಧಾನಕ್ಕೆ ಅಭ್ಯಾಸ ಮಾಡಿ ಪ್ರಯೋಜನ ಇಲ್ಲ. ಮೊದಲು ವೇಗವಾಗಿ, ಕೊಳಕಾಗಿ, ಐದಾರು ಸ್ವರ ಮಾತ್ರ ನುಡಿಸಿ. ಫೋನಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದು ಪಿಕ್ ಎಲ್ಲಿ ಹೋಗುತ್ತಿದೆ ನೋಡಿ. ಆಮೇಲೆ ಆ ಚಲನೆಯನ್ನೇ ನಿಧಾನ ಮಾಡಿ.

ತಾಳದ ಬಗ್ಗೆ ಒಂದೇ ಪ್ರಶ್ನೆ. ರೆಕಾರ್ಡಿಂಗ್ ಜೂಮ್ ಮಾಡಿ ನೋಡಿ. ಎಲ್ಲಾ ಸ್ವರಗಳೂ ಒಂದೇ ಅಳತೆಯಲ್ಲಿ ಹಿಂದೆ ಇವೆಯಾ, ಇಲ್ಲ ಒಮ್ಮೆ ಹಿಂದೆ ಒಮ್ಮೆ ಮುಂದೆ ಇವೆಯಾ? ಮನುಷ್ಯನ ಕೈ ಒಂದೇ ಅಳತೆಯಲ್ಲಿ ತಪ್ಪುವುದಿಲ್ಲ. ಒಂದೇ ಅಳತೆ ಇದ್ದರೆ ಅದು ಯಂತ್ರ. ಬಫರ್ (ಕಂಪ್ಯೂಟರ್ ಸದ್ದಿನ ಎಷ್ಟು ಸ್ಯಾಂಪಲ್ ಒಟ್ಟಿಗೆ ತಗೊಳ್ಳುತ್ತದೆ ಅನ್ನುವುದು) ಎಷ್ಟಿದೆ? ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ 1024 ಬಫರ್ ಅಂದರೆ ಸುಮಾರು 21 ಮಿಲಿಸೆಕೆಂಡ್, ಅದೂ ಒಂದು ದಿಕ್ಕಿಗೆ. ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ 40 ದಾಟುತ್ತದೆ. 128 ಇಟ್ಟರೆ ಒಂದು ದಿಕ್ಕಿಗೆ ಮೂರಕ್ಕಿಂತ ಕಡಿಮೆ. ಆಂಪ್‌ನಿಂದ ಒಂದು ಮೀಟರ್ ದೂರ ನಿಂತರೆ ಗಾಳಿಯಲ್ಲೇ ಸದ್ದು ಸುಮಾರು ಮೂರು ಮಿಲಿಸೆಕೆಂಡ್ ತಗೊಳ್ಳುತ್ತದೆ, ಅಷ್ಟು ಯಾರಿಗೂ ತೊಂದರೆ ಕೊಡುವುದಿಲ್ಲ. ಹೆಡ್‌ಫೋನ್ ಬ್ಲೂಟೂತ್ ಆಗಿದ್ದರೆ ಈ ಲೆಕ್ಕ ಎಲ್ಲಾ ಬಿಡಿ, ವೈರಿನ ಹೆಡ್‌ಫೋನ್ ಹಾಕಿ.

ಸೋಲ್ಡರ್ ಹೊಗೆ:

ಸದ್ದಿನ ಭಾಗ ನಾನು ಹೇಳುತ್ತೇನೆ.

ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿ. ಹಮ್ಮ್ ಹಾಗೇ ಉಳಿದರೆ ಕೇಬಲ್, ಇಂಟರ್‌ಫೇಸ್ ಅಥವಾ ಕರೆಂಟಿನ ಕಡೆಯದು. ನಿಂತರೆ ಗಿಟಾರಿನೊಳಗಿನದು. ಎರಡನೇ ಪರೀಕ್ಷೆ, ತಂತಿಗಳನ್ನು ಕೈಯಲ್ಲಿ ಮುಟ್ಟಿ. ಸದ್ದು ಕಡಿಮೆಯಾದರೆ ಗಾಬರಿ ಬೇಡ, ತಂತಿಗಳು ಬ್ರಿಡ್ಜ್ ಮೂಲಕ ಗ್ರೌಂಡ್ ಆಗಿವೆ ಅಂತ ಅರ್ಥ. ಮುಟ್ಟಿದಾಗ ಜಾಸ್ತಿಯಾದರೆ ಒಳಗೆ ಗ್ರೌಂಡ್ ವೈರ್ ಬಿಟ್ಟಿರಬಹುದು, ಅಥವಾ ಜ್ಯಾಕಿನಲ್ಲಿ ಎರಡು ವೈರ್ ಅದಲುಬದಲಾಗಿರಬಹುದು. ಮೂರನೆಯದು, ಕುರ್ಚಿಯಲ್ಲಿ ಕೂತು ನಿಧಾನಕ್ಕೆ ಸುತ್ತು ತಿರುಗಿ. ಯಾವುದೋ ಒಂದು ದಿಕ್ಕಿಗೆ ಸದ್ದು ಕುಗ್ಗಿದರೆ ಅದು ಸಿಂಗಲ್ ಕಾಯಿಲಿನ ಹುಟ್ಟುಗುಣ. ಸುತ್ತಲಿನ ಟ್ರಾನ್ಸ್‌ಫಾರ್ಮರ್, ಚಾರ್ಜರ್, ದೀಪದ ಡಿಮ್ಮರ್ ಎಲ್ಲದರ 50 ಅಥವಾ 60 ಹರ್ಟ್ಜ್ ಅದಕ್ಕೆ ಕೇಳಿಸುತ್ತದೆ. 1955ರ ಹೊತ್ತಿಗೆ ಗಿಬ್ಸನ್‌ನಲ್ಲಿ ಸೆತ್ ಲವರ್ ಎರಡು ಕಾಯಿಲ್ ಜೋಡಿಸಿ ಹಂಬಕರ್ ಮಾಡಿದ್ದೇ ಈ ಕಾಟ ತಪ್ಪಿಸಲು.

ಪಿಕಪ್ ಆರಿಸುವ ನಿಮ್ಮ ಸ್ವಿಚ್ಚಿನ 2 ಮತ್ತು 4ನೇ ಜಾಗದಲ್ಲಿ ಸದ್ದು ಮಾಯವಾಗುತ್ತದಾ ನೋಡಿ. ಈಗಿನ ತುಂಬಾ ಗಿಟಾರುಗಳಲ್ಲಿ ನಡುವಿನ ಪಿಕಪ್ ಉಲ್ಟಾ ಸುತ್ತಿರುತ್ತಾರೆ, ಉಲ್ಟಾ ಅಯಸ್ಕಾಂತ ಇಟ್ಟಿರುತ್ತಾರೆ. ಎರಡು ಪಿಕಪ್ ಸೇರಿದಾಗ ಹಮ್ಮ್ ಪರಸ್ಪರ ಕಳೆದುಹೋಗುತ್ತದೆ, ತಂತಿಯ ಸದ್ದು ಉಳಿಯುತ್ತದೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿಯೂ ನೋಡಿ. ಆಗ ಸದ್ದು ಹೋದರೆ ಚಾರ್ಜರೇ ಕಳ್ಳ. ಇನ್ನೊಂದು, ಯಾರಾದರೂ "ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕು, ಹಮ್ಮ್ ಹೋಗುತ್ತೆ" ಅಂದರೆ ಕೇಳಬೇಡಿ. ತಂತಿ ಮುಟ್ಟುತ್ತಾ ಕೂರುವವರು ನೀವು. ಜೀವಕ್ಕೆ ಅಪಾಯ.

ದಪ್ಪ ತಂತಿಯ ಅಲೆಗೆ ಕಾರಣ ನೀವೇ ಬರೆದಿದ್ದೀರಿ, ಯಾರೂ ಗಮನಿಸಿಲ್ಲ! ಪಿಕಪ್ ಮೇಲೆತ್ತಿದ್ದೀರಲ್ಲ. ಸ್ಟ್ರಾಟ್ ಮಾದರಿಯ ಸಿಂಗಲ್ ಕಾಯಿಲಿನಲ್ಲಿ ಕಾಣುವ ಆ ಆರು ಕಂಬಗಳೇ ಸಾಮಾನ್ಯವಾಗಿ ಅಯಸ್ಕಾಂತ. ಹತ್ತಿರ ಬಂದರೆ ತಂತಿಯನ್ನೇ ಎಳೆಯುತ್ತವೆ. ತಂತಿ ಸರಿಯಾಗಿ ತೂಗದೆ ಸ್ವರ ಒಡೆಯುತ್ತದೆ. ಕೊನೇ ಫ್ರೆಟ್ ಒತ್ತಿಹಿಡಿದು ದಪ್ಪ ತಂತಿಯ ಕೆಳಗೆ ಪಿಕಪ್‌ಗೆ 2 ಮಿಲಿಮೀಟರ್, ಸಣ್ಣ ತಂತಿಯ ಕಡೆ ಸುಮಾರು 1.6 ಬಿಡಿ. ಅಲ್ಲಿಂದ ಕಿವಿಗೆ ತಕ್ಕಂತೆ ಇಳಿಸಿ. ಸೌಂಡ್ ಕಡಿಮೆ ಅನ್ನಿಸಿದರೆ ಇಂಟರ್‌ಫೇಸಿನ ಗುಬ್ಬಿ ತಿರುಗಿಸಿ. ಕೇಬಲ್ಲನ್ನು ಅದರಲ್ಲಿ ಇನ್‌ಸ್ಟ್ರುಮೆಂಟ್ ಅಂತ ಬರೆದಿರುವ ಕಡೆಗೇ ಹಾಕಿದ್ದೀರಿ ಅಂದುಕೊಂಡಿದ್ದೇನೆ. ಲೈನ್‌ಗೆ ಹಾಕಿದರೆ ಮೇಲಿನ ಸದ್ದೆಲ್ಲಾ ಮಂಕಾಗುತ್ತದೆ.

ನಿಧಾನಿ:

ಟ್ರಸ್‌ರಾಡ್ ಅವರ ಪಿಕ್ ವಿಚಾರ ಒಪ್ಪುತ್ತೇನೆ, ಆದರೆ "ನಿಧಾನಕ್ಕೆ ಅಭ್ಯಾಸ ಮಾಡಿ ಪ್ರಯೋಜನ ಇಲ್ಲ" ಅನ್ನುವುದನ್ನು ಓದಿ ಹೊಸಬರು ಮೆಟ್ರೊನೋಮ್ ಎಸೆಯುತ್ತಾರೆ. ಬಲಗೈಗೆ ಅವರು ಹೇಳಿದ್ದು ಸರಿ. ಎಡಗೈಗೆ ಅಲ್ಲ. ಬೆರಳು ಎಷ್ಟು ಒತ್ತುತ್ತಿದೆ, ಬಿಟ್ಟ ಬೆರಳು ಎಷ್ಟು ದೂರ ಹಾರುತ್ತಿದೆ, ಬೇಡದ ತಂತಿ ಯಾವ ಬೆರಳಿಂದ ಸುಮ್ಮನಾಗುತ್ತಿದೆ, ಇದೆಲ್ಲ ನಿಧಾನದಲ್ಲೇ ಕಾಣುವುದು. ಗೇನ್ ಏರಿಸಿ ನಿಧಾನಕ್ಕೆ ನುಡಿಸಿ ನೋಡಿ, ನೀವು ನುಡಿಸದ ತಂತಿಗಳೆಲ್ಲ ಜೇನುಗೂಡಿಗೆ ಕಲ್ಲು ಬಿದ್ದಂತೆ ಏಳುತ್ತವೆ. ದಪ್ಪ ತಂತಿಗಳನ್ನು ಬಲಗೈ ಅಂಗೈ ಅಂಚು ಮುಚ್ಚಬೇಕು. ಸಣ್ಣ ತಂತಿಗಳನ್ನು ಎಡಗೈ ತೋರುಬೆರಳಿನ ಹೊಟ್ಟೆ ಮುಚ್ಚಬೇಕು. ಆ ಕೆಲಸವನ್ನು ಯಾವ ನಾಯ್ಸ್ ಗೇಟೂ (ಸದ್ದು ಕಮ್ಮಿಯಾದಾಗ ಮುಚ್ಚಿಕೊಳ್ಳುವ ಎಫೆಕ್ಟ್) ಮಾಡಿಕೊಡುವುದಿಲ್ಲ. ಗೇಟ್ ಸ್ವರಗಳ ನಡುವಿನ ಮೌನಕ್ಕೆ ಮಾತ್ರ, ಸ್ವರದ ಜೊತೆಗೇ ಬರುವ ಗಲಾಟೆಗೆ ಅಲ್ಲ.

ಮಣಿಕಟ್ಟಿನ ನೋವಿನ ಬಗ್ಗೆ ಯಾರೂ ಮಾತಾಡಿಲ್ಲ. ಎಲ್ಲದಕ್ಕಿಂತ ಮುಖ್ಯ ಅದೇ. ಕನ್ನಡಿ ಮುಂದೆ ಬ್ಯಾರೆ ಹಿಡಿದು ನಿಂತು ಮಣಿಕಟ್ಟು ಎಷ್ಟು ಮಡಚಿದೆ ನೋಡಿ. ಪಟ್ಟಿ ಉದ್ದ ಬಿಟ್ಟು ಗಿಟಾರ್ ಕೆಳಗೆ ತೂಗಿದಷ್ಟೂ ಮಣಿಕಟ್ಟು ಮಡಚುತ್ತದೆ. ಪಟ್ಟಿ ಎಳೆದು, ಕೂತಾಗಲೂ ನಿಂತಾಗಲೂ ಗಿಟಾರ್ ಒಂದೇ ಎತ್ತರದಲ್ಲಿರುವಂತೆ ಮಾಡಿ. ಬ್ಯಾರೆಗೆ ಹೆಬ್ಬೆರಳಿನಿಂದ ಹಿಸುಕುವುದರ ಬದಲು ಮೊಣಕೈಯನ್ನು ತುಸು ಹಿಂದಕ್ಕೆ ಎಳೆದರೆ ತೋಳಿನ ತೂಕವೇ ಒತ್ತುತ್ತದೆ. ತೋರುಬೆರಳನ್ನು ಚಪ್ಪಟೆ ಇಡದೆ ಅಂಚಿನ ಮೇಲೆ ಸ್ವಲ್ಪ ಹೊರಳಿಸಿ. ನಟ್ ಎತ್ತರ ಇದ್ದರೆ ಒಂದನೇ ಫ್ರೆಟ್‌ನ ಎಫ್ ಬ್ಯಾರೆ ಎಂಥವರಿಗೂ ಕಷ್ಟ, ಆ ಲೆಕ್ಕದಲ್ಲಿ ಟ್ರಸ್‌ರಾಡ್ ಹೇಳಿದ್ದಕ್ಕೂ ಇದಕ್ಕೂ ನಂಟಿರಬಹುದು. ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಜೋಮು ಹಿಡಿದರೆ, ಮರುದಿನಕ್ಕೂ ನೋವು ಉಳಿದರೆ ವೈದ್ಯರ ಹತ್ತಿರ ಹೋಗಿ. ನೋವನ್ನು ತಡ್ಕೊಂಡು ನುಡಿಸುವುದು ಶೂರತನ ಅಲ್ಲ.

ಟ್ರಸ್‌ರಾಡ್:

ನಿಧಾನಿಯವರೇ, ಎಡಗೈ ವಿಷಯದಲ್ಲಿ ನಿಮ್ಮ ಮಾತೇ ಸರಿ. ಪಿಕ್ ವಿಷಯದಲ್ಲಿ ನಾನು ಜಾಗ ಬಿಡುವುದಿಲ್ಲ.

ಒಂಟಿಪಿಕ್:

ಎಲ್ಲರಿಗೂ ಧನ್ಯವಾದ. ಒಂದೊಂದಾಗಿ ಮಾಡಿ ನೋಡಿದೆ.

ಬಫರ್ 1024 ಇತ್ತು. ಜೂಮ್ ಮಾಡಿದರೆ ಸ್ವರಗಳೆಲ್ಲಾ ಗೆರೆ ಎಳೆದಂತೆ ಒಂದೇ ಅಳತೆಯಲ್ಲಿ ಹಿಂದೆ. 128ಕ್ಕೆ ಇಳಿಸಿದೆ, ಹೆಡ್‌ಫೋನಿನಲ್ಲಿ ಕೇಳುವುದು ಬೆರಳಿಗೆ ಅಂಟಿಕೊಂಡಂತೆ ಆಯಿತು. ಆದರೂ ಸ್ವಲ್ಪ ಅಂತರ ಉಳಿದಿದೆ, ಅದು ಈಗ ಹಿಂದೆ ಮುಂದೆ ಎರಡೂ ಕಡೆ ಇದೆ. ಸರಿ, ಅದು ನನ್ನದು, ಒಪ್ಪಿಕೊಂಡೆ.

ಪಿಕಪ್ ಇಳಿಸಿದ ಕೂಡಲೇ ದಪ್ಪ ತಂತಿಯ ಅಲೆ ಹೋಯಿತು. ಹಮ್ಮ್ ವಾಲ್ಯೂಮ್ ಸೊನ್ನೆ ಮಾಡಿದರೆ ನಿಲ್ಲುತ್ತದೆ, ತಿರುಗಿದರೆ ಕುಗ್ಗುತ್ತದೆ, 2 ಮತ್ತು 4ರಲ್ಲಿ ಇಲ್ಲವೇ ಇಲ್ಲ. ಲ್ಯಾಪ್‌ಟಾಪಿನಿಂದ ಓರೆಯಾಗಿ ದೂರ ಕೂತರೆ ಸಹಿಸಬಹುದು.

ಪಿಕ್ ಪರೀಕ್ಷೆಯಲ್ಲಿ ಡೌನ್‌ನಿಂದ ಶುರು ಮಾಡಿದ ನಾಲ್ಕು ಸ್ವರ ನೀರು ಹರಿದ ಹಾಗೆ ಹೋದವು. ಅಪ್‌ನಿಂದ ಶುರು ಮಾಡಿದರೆ ಮೂರನೇ ತಂತಿಗೇ ಎಡವಿದೆ. ಅಂದರೆ ನನ್ನ ಪಿಕ್ ಮೇಲಕ್ಕೆ ಹೊಡೆದಾಗ ಆಚೆ ಬರುವ ಜಾತಿ, ಅಲ್ವಾ? ಸಿಕ್ಕಿಕೊಳ್ಳುವ ಕಡೆ ಹ್ಯಾಮರ್-ಆನ್ ಹಾಕಿ ನೋಡಿದೆ, ಅದೇ ಸ್ಕೇಲ್ ಈಗ ಹಾಡಿನ ವೇಗದಲ್ಲಿ ಹೋಗುತ್ತಿದೆ. ಇಷ್ಟು ದಿನ ಇದನ್ನು ಯಾವ ವಿಡಿಯೋದವರೂ ನನಗೆ ಹೇಳಿರಲಿಲ್ಲ ಅನ್ನುವುದಕ್ಕೆ ಸ್ವಲ್ಪ ಸಿಟ್ಟು ಬಂತು.

ಕೇಪೊ ಹಾಕಿದಾಗ ಇ ಮೇಜರ್ ಬಹುಪಾಲು ಸರಿಯಾಯಿತು. ಬೆರಳು ಮೆಲ್ಲಗೆ ಇಟ್ಟರೂ ಒಂದನೇ ಫ್ರೆಟ್‌ನಲ್ಲಿ ಮುಳ್ಳು ಮೇಲೇ ಇದೆ. ನಟ್ ಅಂತ ಆಯಿತು. ಪೆನ್ಸಿಲ್ ಪುಡಿಯಿಂದ ಬೆಂಡ್ ಆದ ಮೇಲೆ ಇಳಿಯುವುದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಪಟ್ಟಿ ಎಳೆದು ಮೊಣಕೈ ಹಿಂದಿಟ್ಟ ಮೇಲೆ ಬ್ಯಾರೆ ಹಾಡುಗಳಲ್ಲಿ ಮಣಿಕಟ್ಟು ಮೊದಲಿನಷ್ಟು ತಕರಾರು ಮಾಡುತ್ತಿಲ್ಲ.

ಈಗ ಪ್ರಶ್ನೆ, ನಟ್ ನಾನೇ ಉಜ್ಜಬಹುದಾ? ಇಲ್ಲ ಯಾರಿಗಾದರೂ ಕೊಡಬೇಕಾ? ಮತ್ತೆ, ಒಂದು ತಂತಿ ಬೆಂಡ್ ಮಾಡುವಾಗ ಪಕ್ಕದ ತಂತಿಯನ್ನೂ ಸೇರಿಸಿ ನುಡಿಸಿದರೆ ಪಕ್ಕದ್ದು ಅಪಸ್ವರ ಆಗುತ್ತದೆ. ಇದೂ ನಟ್ಟಾ?

ಟ್ರಸ್‌ರಾಡ್:

ಎರಡನೆಯದು ನಟ್ ಅಲ್ಲ, ಟ್ರೆಮೊಲೊ. ನಿಮ್ಮ ಬ್ರಿಡ್ಜ್ ಮರಕ್ಕೆ ತಾಗದೆ ತೇಲುತ್ತಿದೆ. ಒಂದು ತಂತಿ ಎಳೆದರೆ ಬ್ರಿಡ್ಜ್ ಮುಂದಕ್ಕೆ ವಾಲುತ್ತದೆ, ಉಳಿದ ತಂತಿಗಳು ಸಡಿಲವಾಗಿ ಇಳಿಯುತ್ತವೆ. ಖಾಲಿ ಒಂದನೇ ತಂತಿಗೆ ಟ್ಯೂನರ್ ಹಚ್ಚಿ ಮೂರನೇ ತಂತಿ ಬೆಂಡ್ ಮಾಡಿ, ಮುಳ್ಳು ಕೆಳಗೆ ಹೋಗುವುದು ಕಣ್ಣಿಗೇ ಕಾಣುತ್ತದೆ. ಬಾರ್ ಬಳಸುವುದಿಲ್ಲ ಅಂದರೆ ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂ ಬಿಗಿ ಮಾಡಿ, ಬ್ರಿಡ್ಜ್ ಮರಕ್ಕೆ ತಾಗಿ ಕೂರಲಿ. ಆಗ ಬ್ರಿಡ್ಜ್ ತಗ್ಗಿದ್ದರಿಂದ ಆಕ್ಷನ್ (ಫ್ರೆಟ್ ಮೇಲೆ ತಂತಿಯ ಎತ್ತರ) ಕೂಡ ತಗ್ಗುತ್ತದೆ. 17ನೇ ಫ್ರೆಟ್ ಮೇಲೆ 1.6 ಮಿಲಿಮೀಟರ್ ಸುತ್ತಮುತ್ತ ಬರುವಂತೆ ಸ್ಯಾಡಲ್ (ಬ್ರಿಡ್ಜಿನಲ್ಲಿ ತಂತಿ ಕೂರುವ ತುಂಡು) ಎತ್ತಿಕೊಳ್ಳಿ. ಕೊನೆಗೆ ಇಂಟೊನೇಷನ್, ಅಂದರೆ ಕತ್ತಿನ ಉದ್ದಕ್ಕೂ ಶ್ರುತಿ ಸರಿ ಬರುವಂತೆ ಮಾಡುವುದು. 12ನೇ ಫ್ರೆಟ್‌ನ ಹಾರ್ಮಾನಿಕ್‌ಗೂ (ತಂತಿ ಒತ್ತದೆ ಬೆರಳು ತಾಗಿಸಿ ಬಾರಿಸಿದ ಸ್ವರ) ಒತ್ತಿದ ಸ್ವರಕ್ಕೂ ಹೋಲಿಸಿ, ಒತ್ತಿದ್ದು ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಕತ್ತಿನ ಕಡೆಗೆ.

ನಟ್ ನೀವೇ ಉಜ್ಜಬಹುದು, ಆದರೆ ತಂತಿಯ ಅಳತೆಗೆ ತಕ್ಕ ನಟ್ ಫೈಲ್ ಇದ್ದರೆ ಮಾತ್ರ. ನಿಮ್ಮ ಜಿ ತಂತಿ ಇಂಚಿನ ಸಾವಿರದಲ್ಲಿ 16 ಭಾಗ ಇರುತ್ತದೆ. ಅದಕ್ಕೆ ಸಿಕ್ಕಿದ ಗರಗಸ ಹಾಕಿದರೆ ಕಚ್ಚು ಅಗಲವಾಗಿ ತಂತಿ ಸಿತಾರಿನ ಹಾಗೆ ಝೇಂಕರಿಸುತ್ತದೆ. ಫೈಲ್ ಇಲ್ಲದಿದ್ದರೆ ಮಾಡುವವರಿಗೆ ಕೊಡಿ, ಸಣ್ಣ ಕೆಲಸ ಅದು. ನೀವೇ ಮಾಡುವುದಾದರೆ ಮೊದಲು ಕತ್ತಿನ ಬಾಗು ನೋಡಿಕೊಳ್ಳಿ. ಒಂದನೇ ಫ್ರೆಟ್‌ಗೆ ಕೇಪೊ ಹಾಕಿ, ಕೊನೇ ಫ್ರೆಟ್ ಒತ್ತಿ, 8ನೇ ಫ್ರೆಟ್ ಮೇಲೆ ತಂತಿಯ ಕೆಳಗೆ ಕಾಲು ಮಿಲಿಮೀಟರ್ ಇರಬೇಕು. ಅದು ಸರಿಯಿದ್ದ ಮೇಲೆಯೇ ನಟ್. ಫೈಲನ್ನು ಗಿಟಾರಿನ ತಲೆಯ ಕಡೆಗೆ ತುಸು ಇಳಿಜಾರಾಗಿ ಹಿಡಿಯಿರಿ, ತಂತಿ ಫ್ರೆಟ್‌ಬೋರ್ಡಿನ ಕಡೆಯ ಅಂಚಿನ ಮೇಲೇ ಕೂರಬೇಕು. ಎರಡು ಮೂರು ಸಲ ಉಜ್ಜಿ, ತಂತಿ ಹಾಕಿ, ಮೂರನೇ ಫ್ರೆಟ್ ಒತ್ತಿ, ಒಂದನೇ ಫ್ರೆಟ್ ಮೇಲೆ ನೋಡಿ. ಕೂದಲೆಳೆಯಷ್ಟು ಬೆಳಕು ಉಳಿದಾಗ ನಿಲ್ಲಿಸಿ. ಅದೂ ಹೋದರೆ ಖಾಲಿ ತಂತಿ ಒಂದನೇ ಫ್ರೆಟ್‌ಗೆ ಬಡಿಯುತ್ತದೆ, ಆಗ ನಟ್ಟನ್ನೇ ಬದಲಾಯಿಸಬೇಕು. ಇಷ್ಟೆಲ್ಲಾ ಹಾಕಿ ತೆಗೆದು ಮಾಡುವಾಗ ಹೊಸ ತಂತಿ ಹಾಳು ಮಾಡಿಕೊಳ್ಳಬೇಡಿ, ಈಗ ಇರುವ ಸೆಟ್ಟಲ್ಲೇ ಕೆಲಸ ಮುಗಿಸಿ.